ಎಷ್ಟನೇ ಓನರ್?

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಹಳೆಯ ಆರ್‌ಸಿ ಪುಸ್ತಕವಿದೆ. ರಟ್ಟು ಸವೆದಿದೆ, ಮೂಲೆಗಳಲ್ಲಿ ಗ್ರೀಸ್ ಹತ್ತಿದ ಬೆರಳಚ್ಚುಗಳಿವೆ. 1996ರ ಜುಲೈಯಲ್ಲಿ ಬೆಂಗಳೂರಿನ ಜಯನಗರದಲ್ಲಿ ನೋಂದಣಿಯಾದ ಒಂದು ಬಿಳಿ ಮಾರುತಿ ಓಮ್ನಿಯ ಜಾತಕ ಅದು. ಮೊದಲ ಪುಟದಲ್ಲಿ ಸಾಲ ಕೊಟ್ಟ ಬ್ಯಾಂಕಿನ ಮುದ್ರೆ, ಅದರ ಪಕ್ಕದಲ್ಲೇ ಸಾಲ ತೀರಿದ ಮುದ್ರೆ. ಮುಂದಿನ ಪುಟದಲ್ಲಿ 1999ರ ವರ್ಗಾವಣೆ, ಕೆ.ಆರ್.ಪುರದ ವಿಳಾಸ. ಆಮೇಲೆ 2001, ಕೋಲಾರ. ಕೊನೆಯದಾಗಿ 2003, ಮೈಸೂರು ಮೈನ್ಸ್, ನನ್ನ ಚಿಕ್ಕಪ್ಪನ ಹೆಸರು. ಏಳು ವರ್ಷದಲ್ಲಿ ಆ ವ್ಯಾನು ನಾಲ್ಕು ಕೈ ದಾಟಿ, ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ಪೂರ್ವಕ್ಕೆ ಬಂದು ನಮ್ಮ ಲೈನಿನಲ್ಲಿ ನಿಂತಿತು.

ಬಂಗಾರಪೇಟೆಯಲ್ಲಾಗಲಿ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಯಾರಾದರೂ ವ್ಯಾನ್ ತಂದರೆ ನೋಡಲು ಬಂದವರು ಮೊದಲು ಕೇಳುವುದು ಮಾಡೆಲನ್ನಲ್ಲ, ಬೆಲೆಯನ್ನೂ ಅಲ್ಲ. ‘ಎಷ್ಟನೇ ಓನರ್?’ ಎಂದು ಕೇಳುತ್ತಾರೆ. ನಮ್ಮ ಲೈನಿನಲ್ಲಿ ಇದೇ ಪ್ರಶ್ನೆ ತಮಿಳಿನಲ್ಲೂ ತೆಲುಗಿನಲ್ಲೂ ಬರುತ್ತದೆ. ಮೂರರಲ್ಲೂ ಬದಲಾಗದೆ ಉಳಿಯುವುದು ‘ಓನರ್’ ಎಂಬ ಪದ ಮಾತ್ರ. ‘ಫಸ್ಟ್ ಓನರ್’ ಎಂದು ಉತ್ತರ ಬಂದರೆ ಕೇಳಿದವರು ಒಂದು ಗಳಿಗೆ ಸುಮ್ಮನಾಗಿ, ‘ಲೋನಾ?’ ಎನ್ನುತ್ತಾರೆ.

ಚಿಕ್ಕಪ್ಪನ ಓಮ್ನಿಗೆ ಹದಿನೈದು ವರ್ಷ ತುಂಬಿದ್ದು 2011ರಲ್ಲಿ. ಆಗೊಮ್ಮೆ, 2016ರಲ್ಲೊಮ್ಮೆ, 2021ರಲ್ಲೊಮ್ಮೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಯಿತು. 2021ರಲ್ಲಿ ಅದರ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ 5000 ಆಯಿತು. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಂತೆ ಇಪ್ಪತ್ತು ವರ್ಷ ದಾಟಿದ ಕಾರು, ವ್ಯಾನುಗಳಿಗೆ 10000. ನಮ್ಮದರ ಅವಧಿ 2026ರ ಜುಲೈಗೆ ಮತ್ತೆ ಮುಗಿಯುತ್ತದೆ. ಹಾಗಾಗಿ ಕೆಲವು ತಿಂಗಳಿಂದ ಮನೆಯಲ್ಲಿ ಒಂದೇ ಮಾತು: ಇದನ್ನೇ ಉಳಿಸಿಕೊಳ್ಳೋಣವೇ, ಇನ್ನೊಂದು ಹಳೆಯದನ್ನು ತರೋಣವೇ, ಇಲ್ಲ ನಮ್ಮ ಮನೆತನದಲ್ಲಿ ಮೊದಲ ಸಲ ಹೊಸದನ್ನೇ ಕೊಳ್ಳೋಣವೇ. ನಾವು ಏಳು ಜನ. ಅಜ್ಜಿಗೆ ವಾರಕ್ಕೆ ಎರಡು ಸಲ ಕೋಲಾರದಲ್ಲಿ ಡಯಾಲಿಸಿಸ್ ಇದೆ. ಮಾತು ಬರಿಯ ಹಣದ್ದಾಗಿದ್ದರೆ ಇಷ್ಟು ಎಳೆಯುತ್ತಿರಲಿಲ್ಲ.

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಮನೆಯವರು ವ್ಯಾನ್ ನೋಡಲು ಹೋಗುವಾಗ ಕಾಗದ ಪತ್ರ ಓದಲೆಂದು ನನ್ನನ್ನೂ ಕರೆದೊಯ್ಯುತ್ತಾರೆ. ಹಾಗೆ ಓದುತ್ತ ಓದುತ್ತ, ನಾವು ಆಯ್ಕೆ ಮಾಡುತ್ತಿರುವುದು ಹೊಸದು ಹಳೆಯದರ ನಡುವೆ ನಿಜವಾಗಿಯೂ ಹೌದೇ ಎಂಬ ಅನುಮಾನ ಹುಟ್ಟಿತು. ಈ ಬರಹ ಅದರ ಬಗ್ಗೆ.

ವಾಹನಗಳ ಚರಿತ್ರೆ ಬರೆಯುವವರು ಬಿಡುಗಡೆಯ ದಿನದಿಂದ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಮನೆಮಂದಿಯ ವ್ಯಾನಿಗೆ 1984 ದೊಡ್ಡ ವರ್ಷ. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1984ರ ಮಾಡೆಲ್ ಎಂದು ಡಾಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್‌ಗಳನ್ನು ಮಾರುಕಟ್ಟೆಗೆ ತಂದಿತು. ‘ಮಿನಿವ್ಯಾನ್’ ಎಂಬ ಮಾತು ಅಲ್ಲಿ ಮನೆಮಾತಾದದ್ದು ಅವುಗಳಿಂದ. ಫ್ರಾನ್ಸಿನಲ್ಲಿ ರೆನೊ ಎಸ್ಪಾಸ್ ಬಂದದ್ದೂ 1984ರಲ್ಲೇ. ಅದೇ ವರ್ಷ ಗುರುಗ್ರಾಮದ ಕಾರ್ಖಾನೆಯಿಂದ ‘ಮಾರುತಿ ವ್ಯಾನ್’ ಹೊರಬಂತು. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕೀಲಿಕೈಯನ್ನು ಇಂದಿರಾ ಗಾಂಧಿ ಕೊಟ್ಟು ಒಂದು ವರ್ಷವಾಗುವುದರೊಳಗೆ. ಇದಕ್ಕೆ ಓಮ್ನಿ ಎಂಬ ಹೆಸರು ಬಿದ್ದದ್ದು 1988ರಲ್ಲಿ.

ಮೂರೂ ಒಂದೇ ಕಾಲದವಾದರೂ ಒಂದೇ ವಯಸ್ಸಿನವಲ್ಲ. ಕ್ಯಾರವಾನ್, ಎಸ್ಪಾಸ್ ಹೊಸದಾಗಿ ರೂಪಿಸಿದ ಗಾಡಿಗಳು. ಮಾರುತಿ ವ್ಯಾನು ಸುಜುಕಿ ಕ್ಯಾರಿಯ ಒಂದು ತಲೆಮಾರು. ಕ್ಯಾರಿ ಎಂಬುದು 1961ರಿಂದ ಜಪಾನಿನ ಸಣ್ಣ ಅಂಗಡಿಯವರಿಗೆ, ತರಕಾರಿ ಸಾಗಿಸುವವರಿಗೆ ಎಂದು ಮಾಡಿದ ಗಾಡಿ. ಅಲ್ಲಿ ‘ಕೇ’ ಎಂಬ ಚಿಕ್ಕ ವಾಹನಗಳ ವರ್ಗವಿದೆ; ಉದ್ದ, ಅಗಲ, ಎಂಜಿನ್ ಇಷ್ಟೇ ಇರಬೇಕೆಂಬ ಮಿತಿಗೆ ಒಳಪಟ್ಟರೆ ತೆರಿಗೆಯಲ್ಲಿ ರಿಯಾಯಿತಿ. ನಮಗೆ ಬಂದ ಕ್ಯಾರಿ ಜಪಾನಿನಲ್ಲಿ 1979ರಲ್ಲಿ ಹುಟ್ಟಿ 1985ರಲ್ಲಿ ನಿವೃತ್ತಿಯಾದದ್ದು. ಇಲ್ಲಿ ಅದಕ್ಕೆ ಮಾರುತಿ 800ರ 796 ಸಿಸಿ ಎಂಜಿನ್ ಹಾಕಿ 2019ರವರೆಗೆ ಮಾರಿದರು. 1998ರಲ್ಲಿ ಒಮ್ಮೆ ಮುಖ ಬದಲಾಯಿತು, 2005ರಲ್ಲಿ ಇನ್ನೊಮ್ಮೆ ತುಸು ತಿದ್ದಿದರು. ಒಳಗಿನ ಎಲುಬು ಅದೇ.

ಟೊಯೊಟಾ ಕ್ವಾಲಿಸ್‌ನ ಕತೆಯೂ ಇದೇ. 2000ದ ಜನವರಿಯಲ್ಲಿ ನಮ್ಮ ಬಿಡದಿಯಿಂದ ಹೊರಟ ಆ ಗಾಡಿ, ಇಂಡೋನೇಷ್ಯಾದಲ್ಲಿ 1986ರಿಂದ ಓಡುತ್ತಿದ್ದ ಮೂರನೇ ತಲೆಮಾರಿನ ಕಿಜಾಂಗ್‌ನ ರೂಪ. ಕ್ವಾಲಿಸ್ ಇಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಇಂಡೋನೇಷ್ಯಾದವರು ಮುಂದಿನ ತಲೆಮಾರಿಗೆ ಹೋಗಿಯಾಗಿತ್ತು. ಅಂದರೆ ಶೋರೂಮಿನಲ್ಲಿ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ‘ಫಸ್ಟ್ ಓನರ್’ ಆದವರು ಕೂಡ ಒಂದು ಅರ್ಥದಲ್ಲಿ ಎರಡನೇ ಓನರ್‌ಗಳೇ. ದೇಶಕ್ಕೆ ಹಳೆಯ ತಲೆಮಾರು ಹೊಸದಾಗಿ ಬರುತ್ತದೆ. ಅದನ್ನು ಬೆಂಗಳೂರು ಬಳಸಿ ಬಿಟ್ಟ ಮೇಲೆ ಕೋಲಾರಕ್ಕೆ, ಅಲ್ಲಿಂದ ನಮಗೆ.

ಡೇವಿಡ್ ಎಡ್ಜರ್ಟನ್ ಎಂಬ ಇತಿಹಾಸಕಾರ 2006ರಲ್ಲಿ ‘ದಿ ಶಾಕ್ ಆಫ್ ದಿ ಓಲ್ಡ್’ ಎಂಬ ಪುಸ್ತಕ ಬರೆದ. ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರದ ದಿನದಿಂದ ಬರೆಯಬೇಡಿ, ಬಳಕೆಯಿಂದ ಬರೆಯಿರಿ ಎಂಬುದು ಅದರ ವಾದ. ಎಂ.ಎ. ತರಗತಿಯಲ್ಲಿ ಓದಿದಾಗ ಇದು ನನಗೆ ದೊಡ್ಡ ಮಾತು ಎನಿಸಿತ್ತು. ಊರಿಗೆ ಬಂದು ಹೇಳಿದರೆ ಚಿಕ್ಕಪ್ಪ, ‘ಅದಕ್ಕೆ ಪುಸ್ತಕ ಯಾಕೋ ಬೇಕು, ಬಂಗಾರಪೇಟೆ ಸ್ಟೇಷನ್ ಮುಂದೆ ನಿಂತ್ಕೊಂಡು ನಂಬರ್ ಪ್ಲೇಟು ಓದು’ ಅಂದರು. ಅದೂ ಸರಿ. ಕೆಎ 08 ನಮ್ಮ ಕೆಜಿಎಫ್‌ನ ಸಂಖ್ಯೆ, ಕೆಎ 07 ಕೋಲಾರದ್ದು. ಅಲ್ಲಿ ನಿಂತ ವ್ಯಾನುಗಳಲ್ಲಿ ಕೆಎ 01ರಿಂದ 05ರವರೆಗಿನ ಬೆಂಗಳೂರಿನ ಸಂಖ್ಯೆಗಳೇ ಕಣ್ಣಿಗೆ ಹೆಚ್ಚು ಬೀಳುತ್ತವೆ. ಪ್ರತಿಯೊಂದೂ ಎಲ್ಲೋ ಹೊಸದಾಗಿದ್ದದ್ದರ ಗುರುತು.

ಹಾಗಾದರೆ ಮೈಸೂರು ಮೈನ್ಸ್‌ನ ಮನೆಗಳಿಗೆ ವ್ಯಾನ್ ಬೇಕಾದದ್ದು ಯಾವಾಗ? 1984ರಲ್ಲಂತೂ ಅಲ್ಲ. ಆಗ ಗಣಿ ಇತ್ತು.

ಗಣಿ ಇದ್ದ ಊರಿನಲ್ಲಿ ದೂರ ಎಂಬುದೇ ಕಡಿಮೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಮೇಲೆ ಬೆಳೆದ ಈ ಊರು, ಕೂಲಿ ನಡೆದು ಶಾಫ್ಟಿಗೆ ಹೋಗುವಷ್ಟು ಹತ್ತಿರದಲ್ಲಿ ಅವನ ಮನೆ ಇರಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ: ಪ್ರತಿ ಗಣಿಯ ಸುತ್ತ ಅದರದರ ಲೈನುಗಳು. ಮೊದಲು ಬಿದಿರ ತಟ್ಟಿಯ ಗುಡಿಸಲು, ಆಮೇಲೆ ಗೋಡೆ. ಶಾಲೆ, ಆಸ್ಪತ್ರೆ, ಗುಡಿ, ಚರ್ಚು, ಸಾರಾಯಿ ಅಂಗಡಿ ಎಲ್ಲವೂ ಕಾಲಳತೆಯಲ್ಲಿ. ಹೊರಗಿನ ಲೋಕಕ್ಕೆ ರೈಲು. ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಮಾರಿಕುಪ್ಪಂವರೆಗಿನ ಹತ್ತು ಮೈಲಿಯ ಹಳಿ 1894ರಲ್ಲೇ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿಯುತ್ತಿದ್ದವರಿಗೆ ಭೂಮಿಯ ಮೇಲೆ ಮೂರು ಕಿಲೋಮೀಟರ್ ಹೋಗುವ ಪ್ರಸಂಗ ವಾರಕ್ಕೊಮ್ಮೆ ಬಂದರೆ ಹೆಚ್ಚು. ತಾತ ಹೇಳುತ್ತಿದ್ದದ್ದು ಇದು.

ಇಡೀ ಮನೆ ಒಟ್ಟಿಗೆ ಹೊರಡುವುದು ಮದುವೆಗೆ, ತಿರುಪತಿಗೆ. ನಮ್ಮ ಪಕ್ಕದ ಮನೆಯವರಾದರೆ ಸೆಪ್ಟೆಂಬರ್‌ನಲ್ಲಿ ವೇಲಾಂಕಣ್ಣಿಗೆ. ಅದಕ್ಕೆ ಮಟಾಡೋರ್ ಬಾಡಿಗೆಗೆ ಹಿಡಿಯುತ್ತಿದ್ದರು. ಬಜಾಜ್ ಟೆಂಪೊ ಕಂಪನಿ 1969ರಿಂದ ತಯಾರಿಸಿದ ಆ ಡೀಸೆಲ್ ವ್ಯಾನಿನ ಹೆಸರು ಕರ್ನಾಟಕದಲ್ಲಿ ಎಷ್ಟು ಊರಿತೆಂದರೆ, ಬೇರೆ ಕಂಪನಿಯ ವ್ಯಾನ್ ಬಂದರೂ ಹಳೆಯ ತಲೆಯವರು ಅದನ್ನು ಮಟಾಡೋರ್ ಎಂದೇ ಕರೆಯುತ್ತಾರೆ. ಅಜ್ಜಿಗೆ ಈಗಲೂ ಇನ್ನೋವಾ ಒಂದು ‘ಒಳ್ಳೇ ಮಟಾಡೋರ್’.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರುವರಿ 28ರಂದು ಮುಚ್ಚಿತು. ಈ ಮುಚ್ಚುವಿಕೆಯ ಕುರಿತು ಬರೆದವರೆಲ್ಲ ಕೂಲಿ ಹೋದದ್ದನ್ನು, ಶಾಫ್ಟಿಗೆ ನೀರು ತುಂಬಿದ್ದನ್ನು, ಸೈನೈಡ್ ದಿಬ್ಬದ ಧೂಳನ್ನು ಬರೆದಿದ್ದಾರೆ. ಬರೆಯಬೇಕಾದದ್ದೇ. ನಾನು ಸೇರಿಸಬೇಕೆಂದಿರುವುದು ಇಷ್ಟು: ಅಂದಿನಿಂದ ನಮ್ಮ ದೂರಗಳು ಉದ್ದವಾದವು. ಗಣಿಯ ಆಸ್ಪತ್ರೆ ಮುಚ್ಚಿತು. ದೊಡ್ಡ ಕಾಯಿಲೆಗೆ ಕೋಲಾರ, ಇಲ್ಲವೇ ಬೆಂಗಳೂರು. ಕೆಲಸಕ್ಕೆ ಬೆಂಗಳೂರು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಸಾವಿರಾರು ಜನ ಹೋಗಿ ರಾತ್ರಿ ಮರಳುವ ದಿನಚರಿ ಆಗ ಶುರುವಾಗಿ ಇನ್ನೂ ನಿಂತಿಲ್ಲ.

ರೈಲು ದುಡಿಯುವ ಒಬ್ಬನನ್ನು ಒಯ್ಯುತ್ತದೆ. ಉಸಿರು ಕಟ್ಟಿದ ತಾತನನ್ನು ರಾತ್ರಿ ಎರಡು ಗಂಟೆಗೆ ಒಯ್ಯಲಾರದು. ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಕೊರೆದ ತಾತನ ಎದೆಯಲ್ಲಿ ದೂಳು ಕೂತಿತ್ತು. 2002ರ ಮಳೆಗಾಲದ ಒಂದು ರಾತ್ರಿ ಬಾಡಿಗೆ ಗಾಡಿ ಸಿಗದೆ ಆಟೋದಲ್ಲಿ ಮಲಗಿಸಿಕೊಂಡು ಕೋಲಾರಕ್ಕೆ ಹೋದರು. ತಾತ ಆ ಸಲ ಬದುಕಿದರು. ಮರುವರ್ಷ ಚಿಕ್ಕಪ್ಪ ಗಣಿಯಿಂದ ಬಂದ ಹಣದಲ್ಲಿ ಉಳಿದದ್ದಕ್ಕೆ ಚೀಟಿ ಎತ್ತಿದ ಹಣ ಸೇರಿಸಿ, ಸಾಲದ್ದಕ್ಕೆ ಚಿಕ್ಕಮ್ಮನ ಎರಡು ಬಳೆ ಅಡ ಇಟ್ಟು, 88 ಸಾವಿರಕ್ಕೆ ಓಮ್ನಿ ತಂದರು. ಚಿನ್ನದ ಗಣಿಯ ಊರಿನಲ್ಲಿ ವ್ಯಾನಿಗೆ ಚಿನ್ನ ಅಡ ಇಡಬೇಕಾಯಿತು ಎಂದು ಚಿಕ್ಕಮ್ಮ ಇವತ್ತಿಗೂ ನಗುತ್ತಾರೆ. ಬಳೆ ಬಿಡಿಸಿಕೊಂಡದ್ದು ಮೂರು ವರ್ಷದ ಮೇಲೆ.

ಓಮ್ನಿಯೇ ಯಾಕೆ ಎಂದರೆ, ನಮ್ಮ ಲೈನಿಗೆ ಬೇರೆ ಹಿಡಿಸುತ್ತಿರಲಿಲ್ಲ. ಇದನ್ನು ಮಾತಿಗೆ ಹೇಳುತ್ತಿಲ್ಲ. ಹೋದ ತಿಂಗಳು ಟೇಪ್ ಹಿಡಿದು ಅಳೆದೆ. ಒಂದು ಕಡೆ ಚರಂಡಿಯ ಅಂಚು, ಇನ್ನೊಂದು ಕಡೆ ಮೆಟ್ಟಿಲು. ನಡುವೆ 188 ಸೆಂಟಿಮೀಟರ್. ನಡೆಯುವವರಿಗಾಗಿ ಬಿಟ್ಟ ದಾರಿ ಅದು. ಓಮ್ನಿಯ ಅಗಲ 141 ಸೆಂಟಿಮೀಟರ್. ಜಪಾನಿನ ಗಲ್ಲಿಗಳಿಗೆ ಹಾಕಿದ ಮಿತಿ, ಕೋಲಾರದ ಕೂಲಿ ಲೈನಿಗೆ ಸರಿಯಾಗಿ ಕೂತಿತು. ಚಿಕ್ಕಪ್ಪ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಉಳಿದ ಅರ್ಧ ಮೀಟರಿನಲ್ಲಿ ನುಸುಳಿ ಇಳಿಯುತ್ತಾರೆ. ಹಿಂದಿನ ಬಾಗಿಲು ಜಾರುವ ಬಾಗಿಲಾದ್ದರಿಂದ ಅಷ್ಟೇ ಜಾಗದಲ್ಲಿ ಪೂರ್ತಿ ತೆರೆಯುತ್ತದೆ. ಬಾಗಿಲು ಹೊರಕ್ಕೆ ತೆರೆಯುವ ಯಾವ ಕಾರಿನಲ್ಲೂ ತಾತನನ್ನು ಮನೆ ಮುಂದೆಯೇ ಮಲಗಿಸಿ ಒಯ್ಯಲು ಆಗುತ್ತಿರಲಿಲ್ಲ. ಆಮೇಲಿನ ಆರು ವರ್ಷ ಆ ಬಾಗಿಲು ಎಷ್ಟೋ ರಾತ್ರಿ ಕಿರ್ರೆಂದು ತೆರೆದಿದೆ. ಆ ಸದ್ದಿಗೆ ಲೈನಿನಲ್ಲಿ ದೀಪ ಹತ್ತುತ್ತಿತ್ತು. ಅಕ್ಕಪಕ್ಕದವರ ಹೆರಿಗೆಗೂ ಅದೇ ವ್ಯಾನ್, ಶವ ತರಲೂ ಅದೇ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ‘ಪೆಟ್ರೋಲ್ ಕಾಸು’ ಎಂಬ ಹೆಸರಿನಲ್ಲಿ ಕೈಗೆ ಬರುತ್ತಿದ್ದದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. (ಸಿನಿಮಾದವರಿಗೆ ಮಾತ್ರ ಓಮ್ನಿ ಎಂದರೆ ಕಿಡ್ನ್ಯಾಪ್. ಜಾರುವ ಬಾಗಿಲಿನ ಉಪಯೋಗ ಅವರಿಗೂ ಗೊತ್ತಿತ್ತು.)

ಓಮ್ನಿಯ ನಂತರದ ತಲೆಮಾರುಗಳು ಊರಿಗೆ ಬಂದ ರೀತಿಯೂ ಕಂಪನಿಗಳ ಚರಿತ್ರೆಯಂತೆ ನಡೆದಿಲ್ಲ. ವರ್ಸಾವನ್ನೇ ನೋಡಿ. 2001ರಲ್ಲಿ, ಗಣಿ ಮುಚ್ಚಿದ ಅದೇ ವರ್ಷ, ಮಾರುತಿ ಅದನ್ನು ತಂದಿತು. ಸುಜುಕಿ ಎವ್ರಿಯ ಮೈ, 1.3 ಲೀಟರ್ ಎಂಜಿನ್, ಮುಂದೊಂದು ಹಿಂದೊಂದು ಎರಡು ಏಸಿ. ಜಾಹೀರಾತಿಗೆ ಅಮಿತಾಭ್ ಬಚ್ಚನ್, ಅಭಿಷೇಕ್ ಬಚ್ಚನ್ ಇಬ್ಬರೂ. ಹೋಗಲಿಲ್ಲ. ವ್ಯಾನಿಗೆ ಅಷ್ಟು ಹಣ ಕೊಡಲು ಜನ ಸಿದ್ಧರಿರಲಿಲ್ಲ. ಹೊಸದಾಗಿ ಸೋತ ಗಾಡಿ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾಗುತ್ತದೆ, ಹಾಗಾಗಿ ನಮ್ಮಂಥ ಊರಿಗೆ ಬೇಗ ಬರುತ್ತದೆ. ನಮ್ಮ ಕಡೆ ಮೊದಲ ಸಲ ಏಸಿ ವ್ಯಾನಿನಲ್ಲಿ ನಾನು ಕೂತದ್ದು ಒಂದು ಮದುವೆಯ ದಿಬ್ಬಣದಲ್ಲಿ, ಯಾರೋ ಬೆಂಗಳೂರಿನಿಂದ ತಂದಿದ್ದ ವರ್ಸಾದಲ್ಲಿ. 2010ರ ಜನವರಿಯಲ್ಲಿ ಕಂಪನಿ ಅದೇ ಮೈಯಿಂದ ಅಲಂಕಾರ ಕಳಚಿ, 1.2 ಲೀಟರ್ ಎಂಜಿನ್ ಇಟ್ಟು, ಏಸಿ ಬೇಕಾದವರಿಗೆ ಬೇರೆ ದರ ಎಂದು ಇಕೊ ಹೆಸರಿನಲ್ಲಿ ಮಾರಿತು. ಓಡಿತು, ಇನ್ನೂ ಓಡುತ್ತಿದೆ. ಹೊಸ ತಲೆಮಾರು ಹಳೆಯದಕ್ಕಿಂತ ಕಡಿಮೆ ಸೌಕರ್ಯದ್ದಾಗಿ ಗೆದ್ದ ಉದಾಹರಣೆ ಇದು.

ಕ್ವಾಲಿಸ್ ಇದಕ್ಕೆ ಉಲ್ಟಾ. ಜನ ಮೆಚ್ಚಿ ಕೊಳ್ಳುತ್ತಿದ್ದಾಗಲೇ 2005ರಲ್ಲಿ ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ನಿಂತದ್ದರಿಂದ ಹಳೆಯ ಕ್ವಾಲಿಸ್‌ಗೆ ಬೇಡಿಕೆ ಕುಗ್ಗಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೆಟೊ ಮಂಡಿಯ ಯಜಮಾನರ ಮನೆ ಮುಂದೆ ಈಗಲೂ ಒಂದೊಂದು ಕಾಣುತ್ತದೆ. ಇನ್ನೋವಾ ನಮ್ಮಲ್ಲಿಗೆ ಬಂದದ್ದು ಬೆಂಗಳೂರಿನ ಕಂಪನಿಗಳ ಕ್ಯಾಬ್ ಆಗಿ ಲಕ್ಷಗಟ್ಟಲೆ ಕಿಲೋಮೀಟರ್ ದುಡಿದ ಮೇಲೆ. ಉಳಿದ ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೆವ್ರೊಲೆ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಅಗ್ಗಕ್ಕೆ ಸಿಗುವ ಟವೇರಾ, ಎಂಜಾಯ್‌ಗಳನ್ನು ಕೊಳ್ಳುವ ಮುನ್ನ ಬಿಡಿಭಾಗದ ಅಂಗಡಿಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಹಳೆಯದನ್ನು ಕೊಳ್ಳುವುದೆಂದರೆ ಯಾರದೋ ಮಾತನ್ನು ಕೊಳ್ಳುವುದು ಎಂದು ನಾವು ಕಲಿತದ್ದು 2013ರಲ್ಲಿ. ಸೋದರತ್ತೆಯ ಮಗ ಒಂದು ವ್ಯಾನ್ ತಂದ. ಯಾವ ಕಂಪನಿಯದು, ಯಾವ ದಲ್ಲಾಳಿ ಎಂಬುದು ಇಲ್ಲಿ ಬೇಡ. ಮೀಟರಿನಲ್ಲಿ 62 ಸಾವಿರ ಕಿಲೋಮೀಟರ್. ಹೊಳೆಯುವ ಪೇಂಟು. 1 ಲಕ್ಷ 40 ಸಾವಿರ ಕೊಟ್ಟ. ಮೂರು ತಿಂಗಳಿಗೆ ಮುಂದಿನ ಟೈರು ಒಂದೇ ಬದಿ ಸವೆಯತೊಡಗಿತು. ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಟಾರ್ಚ್ ಹಾಕಿ ನೋಡಿ, ನಮ್ಮನ್ನೂ ಕರೆದ. ಮುಂಭಾಗವನ್ನು ಪೂರ್ತಿ ಬೇರೆ ಗಾಡಿಯಿಂದ ಕತ್ತರಿಸಿ ತಂದು ವೆಲ್ಡ್ ಮಾಡಿದ್ದರು. ಸೀಟಿನ ಕೆಳಗೆ ಸಿಕ್ಕ ಹಳೆಯ ಸರ್ವಿಸ್ ಚೀಟಿಯಲ್ಲಿ 1 ಲಕ್ಷ 80 ಸಾವಿರ ಕಿಲೋಮೀಟರ್ ಬರೆದಿತ್ತು. ಆ ಮೂರು ತಿಂಗಳಲ್ಲಿ ಅದೇ ವ್ಯಾನಿನಲ್ಲಿ ವಿ.ಕೋಟ, ಪಲಮನೇರು ದಾಟಿ ತಿರುಪತಿಗೆ ಹೋಗಿ ಬಂದಿದ್ದೆವು, ಒಂಬತ್ತು ಜನ. ಅತ್ತೆ ಅಲ್ಲೇ ಗ್ಯಾರೇಜಿನ ಮಣ್ಣಿನಲ್ಲಿ ಕೂತುಬಿಟ್ಟರು. ಗಾಡಿಯನ್ನು ಗುಜರಿಗೆ ಕೊಟ್ಟದ್ದು 28 ಸಾವಿರಕ್ಕೆ. ಇನ್ನೊಬ್ಬರಿಗೆ ಮಾರಬಹುದಿತ್ತು, ಗಿರಾಕಿಯೂ ಬಂದಿದ್ದ. ಅತ್ತೆ ಒಪ್ಪಲಿಲ್ಲ.

ಆಮೇಲಿಂದ ನಮ್ಮ ಮನೆಯಲ್ಲಿ ಹಳೆಯ ಗಾಡಿ ನೋಡುವುದಕ್ಕೆ ಒಂದು ಪದ್ಧತಿ ಬಂತು. ಮ್ಯಾಟ್ ಎತ್ತಿ ನೆಲದ ತುಕ್ಕು ನೋಡುವುದು. ಜಾರುವ ಬಾಗಿಲಿನ ಹಳಿಗೆ ಬೆರಳು ಹಾಕುವುದು. ನೀರು ನಿಂತು ಮೊದಲು ಕೊಳೆಯುವುದು ಅಲ್ಲೇ. ಮುಂದಿನ ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ, ಓಮ್ನಿಗೂ ಇಕೊಗೂ ಹಾಗೇ. ಎಣ್ಣೆ ಒರೆಸಿ ಹೊಸದಾಗಿ ತೊಳೆದಿದ್ದರೆ ಅನುಮಾನ ಪಡುವುದು. ಗ್ಯಾಸ್ ಕಿಟ್ ಆರ್‌ಸಿಯಲ್ಲಿ ದಾಖಲಾಗಿದೆಯೇ ನೋಡುವುದು. ಅಡುಗೆಮನೆಯ ಸಿಲಿಂಡರನ್ನೇ ಸೀಟಿನ ಹಿಂದೆ ಕಟ್ಟಿಕೊಂಡು ಓಡಿಸಿದ ವ್ಯಾನುಗಳನ್ನು ಕಂಡಿದ್ದೇವೆ, ಅದರಲ್ಲಿ ಶಾಲೆಯ ಮಕ್ಕಳು ಕೂತಿದ್ದನ್ನೂ. ಕೊನೆಗೆ ಆರ್‌ಸಿ. ಹಳೆಯ ಪುಸ್ತಕದಲ್ಲಿ ಕೈಯಿಂದ ಕೈಗೆ ಹೋದ ದಾರಿಯೆಲ್ಲ ಮುದ್ರೆಯೊಂದಿಗೆ ಇರುತ್ತಿತ್ತು. ಈಗಿನ ಸ್ಮಾರ್ಟ್ ಕಾರ್ಡಿನಲ್ಲಿ ಇಂದಿನ ಓನರ್ ಹೆಸರು, ಅವನು ಎಷ್ಟನೆಯವನು ಎಂಬ ಒಂದು ಅಂಕಿ. ನಡುವಿನವರು ಯಾರು, ಯಾವ ಊರಿನವರು, ಎಷ್ಟು ದಿನ ಇಟ್ಟುಕೊಂಡಿದ್ದರು ಎಂಬುದು ಕೊಳ್ಳುವವನ ಕಣ್ಣಿನಿಂದ ಮರೆಯಾಯಿತು. ಕಡತ ನಂಬಿ ಬದುಕುವ ನನಗೆ ಇದು ನಷ್ಟ, ಅತ್ತೆಯಂಥವರಿಗೆ ಇನ್ನೂ ದೊಡ್ಡ ನಷ್ಟ.

ಇನ್ನು 2019ರ ಮಾತು. ಓಮ್ನಿ ನಿಂತಾಗ ಚಿಕ್ಕಪ್ಪ, ‘ಬಡವರ ಗಾಡಿ ಕಿತ್ಕೊಂಡ್ರು’ ಎಂದು ಬೇಸರಪಟ್ಟರು. ನನಗೂ ಅವರಿಗೂ ಜಗಳವಾಗುವುದು ಇಲ್ಲೇ. ಅಪಘಾತದ ಪರೀಕ್ಷೆ 2017ರ ಅಕ್ಟೋಬರ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಅಕ್ಟೋಬರ್‌ನಿಂದ ಮೊದಲೇ ಮಾರಾಟದಲ್ಲಿದ್ದವಕ್ಕೂ ಕಡ್ಡಾಯವಾಯಿತು. 2019ರ ಏಪ್ರಿಲ್‌ಗೆ ಎಬಿಎಸ್, ಜುಲೈಗೆ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟಿನ ಎಚ್ಚರಿಕೆ ಗಂಟೆ. 1979ರ ಮೈಯಲ್ಲಿ ಇವನ್ನೆಲ್ಲ ತುಂಬಲಾಗದು. ಬಾನೆಟ್ ಇಲ್ಲದ ಗಾಡಿಯಲ್ಲಿ ಚಾಲಕನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇರುವುದು ಒಂದು ತಗಡು. ಪೆಟ್ಟನ್ನು ನುಂಗಿ ಕುಗ್ಗಲು ಮುಂದೆ ಜಾಗವೇ ಇಲ್ಲ. 188 ಸೆಂಟಿಮೀಟರಿನ ಲೈನಿಗೆ ಒಪ್ಪುವ ಚಿಕ್ಕತನವೂ, ಹೆದ್ದಾರಿಯಲ್ಲಿ ಕೊಲ್ಲುವ ಚಿಕ್ಕತನವೂ ಒಂದೇ ವಿನ್ಯಾಸದಿಂದ ಬಂದವು. ನಿಲ್ಲಿಸಿದ್ದು ಸರಿ, ಬಹಳ ತಡವಾಗಿ ನಿಲ್ಲಿಸಿದರು ಎಂದೇ ನನ್ನ ಅಭಿಪ್ರಾಯ. ಇಕೊ ಕೂಡ 2016ರ ಮೇ ತಿಂಗಳಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸೊನ್ನೆ ನಕ್ಷತ್ರ ಪಡೆದದ್ದು. ಪರೀಕ್ಷಿಸಿದ್ದು ಏರ್‌ಬ್ಯಾಗ್ ಇಲ್ಲದ ಇಕೊ.

ಆದರೆ ಚಿಕ್ಕಪ್ಪನ ಮಾತಿನಲ್ಲೂ ಒಂದು ಸತ್ಯವಿದೆ, ಅದನ್ನು ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು. ನಿಯಮ ಬರುವುದು ಹೊಸ ಗಾಡಿಗೆ. 2019ರ ಸುರಕ್ಷತೆ ನಮ್ಮ ಲೈನಿಗೆ ಮೂರನೇ ಓನರಿನ ಕೈಯಿಂದ ತಲುಪಲು ಇನ್ನೂ ಹತ್ತು ವರ್ಷ ಬೇಕು. ಅಲ್ಲಿಯವರೆಗೆ ಅಗ್ಗದ ಹೊಸ ವ್ಯಾನ್ ಇಲ್ಲ, ಇರುವ ಹಳೆಯದನ್ನೇ ವೆಲ್ಡ್ ಮಾಡಿ ಉಳಿಸಿಕೊಳ್ಳುತ್ತಾರೆ. ಸಾಲದ್ದಕ್ಕೆ ರಸ್ತೆಗಳು ಕಾಯಲಿಲ್ಲ. ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಬೇತಮಂಗಲದ ಕಡೆಯವರೆಗೆ 2024ರ ಕೊನೆಯಲ್ಲೇ ಸಂಚಾರಕ್ಕೆ ಸಿಕ್ಕಿತು. ಆರು ಗಾಲಿಯ ಲಾರಿಗಳ ಪಕ್ಕದಲ್ಲಿ 1996ರ ನಾಲ್ಕು ಗೇರಿನ ಓಮ್ನಿ ನಡುಗುತ್ತ ಹೋಗುವುದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೇನೆ. ಪಕ್ಕದಲ್ಲಿ ಅಜ್ಜಿ ನಿದ್ದೆ ಮಾಡುತ್ತಿದ್ದರು.

ಹಾಗಾಗಿ ಈ ಸಲ ‘ಎಷ್ಟನೇ ಓನರ್’ ಮತ್ತು ‘ಯಾವ ವರ್ಷ’ ಎರಡನ್ನೂ ಆಮೇಲಿಗೆ ಇಡೋಣ, ಮೊದಲು ಯಾವ ತಲೆಮಾರು ಎಂದು ಕೇಳೋಣ ಎಂದು ಮನೆಯಲ್ಲಿ ವಾದಿಸಿದೆ. 2018ರ ಓಮ್ನಿ ವಯಸ್ಸಿನಲ್ಲಿ ಕಿರಿಯದು, ವಿನ್ಯಾಸದಲ್ಲಿ 2012ರ ಎರ್ಟಿಗಾಗಿಂತ ಎಷ್ಟೋ ಹಿರಿಯದು. ಎರ್ಟಿಗಾದ ಎರಡನೇ ತಲೆಮಾರು 2018ರ ನವೆಂಬರ್‌ನಲ್ಲಿ ಬಂತು, 2019ರ ಪರೀಕ್ಷೆಯಲ್ಲಿ ಅದಕ್ಕೆ ಮೂರು ನಕ್ಷತ್ರ ಸಿಕ್ಕಿತು. ಆ ತಲೆಮಾರಿನದು ಈಗ ಎರಡನೇ ಕೈಗೆ ಬರತೊಡಗಿದೆ. ಅಪ್ಪನಿಗೆ ಹಿಡಿಸಿತು. ನಾನು ಟೇಪ್ ತೆಗೆದೆ: ಅಗಲ 173.5. ಲೈನಿನೊಳಗೆ ಬರುತ್ತದೆ, ಕನ್ನಡಿ ಮಡಚಿದರೆ. ಆದರೆ ಬಾಗಿಲು ತೆರೆಯಲು ಎರಡೂ ಬದಿ ಸೇರಿ ಉಳಿಯುವುದು ಒಂದು ಗೇಣೂ ಇಲ್ಲ. ರಸ್ತೆಯಲ್ಲೇ ನಿಲ್ಲಿಸಬೇಕು, ಮನೆಯಿಂದ ರಸ್ತೆಗೆ 140 ಹೆಜ್ಜೆ. ಡಯಾಲಿಸಿಸ್ ಮುಗಿಸಿ ಬಂದ ದಿನ ಅಜ್ಜಿಗೆ ಹತ್ತು ಹೆಜ್ಜೆಯೂ ಹೆಚ್ಚು.

ಹೊಸದರ ಲೆಕ್ಕವೂ ಹಾಕಿದೆವು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು. ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಎಂಜಿನ್. ಇಕೊ ಆ ಮಿತಿಯೊಳಗಿದೆ. ಕೇ ಗಾಡಿಗಳ ಜಪಾನಿನಂತೆ ಇಲ್ಲೂ ತೆರಿಗೆಯೇ ಗಾಡಿಯ ಅಳತೆ ಹೇಳುತ್ತದೆ. ಇಕೊದ ಅಗಲ 147.5, ಬಾಗಿಲು ಜಾರುವಂಥದ್ದು, ಈಗ ಆರು ಏರ್‌ಬ್ಯಾಗು. ಎಲ್ಲ ಒಪ್ಪಿತ್ತು. ಆದರೆ 2025ರಲ್ಲಿ ಆರು ಏರ್‌ಬ್ಯಾಗ್ ಕೊಟ್ಟಾಗ ಏಳು ಸೀಟಿನ ಇಕೊ ಹೋಗಿ ಆರು ಸೀಟಿನದಾಯಿತು. ನಾವು ಏಳು ಜನ. ಶೋರೂಮಿನ ಹುಡುಗ ಇದನ್ನು ಹೇಳಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿ ಮಾತ್ರ, ‘ಅದಕ್ಕೇನಂತೆ, ಇನ್ನೆಷ್ಟು ದಿನ ಏಳು ಜನ ಇರ್ತೀರಾ’ ಅಂದರು. ಚಿಕ್ಕಮ್ಮ ಅವರನ್ನು ಗದರಿದರು.

ಹೋದ ಭಾನುವಾರ ಬಂಗಾರಪೇಟೆಯಲ್ಲಿ ಒಂದು ಇಕೊ ನೋಡಲು ಹೋಗಿದ್ದೆವು. 2021ರದ್ದು, ಏಳು ಸೀಟು, ಮುಂದೆ ಒಂದು ಏರ್‌ಬ್ಯಾಗ್, ಎರಡನೇ ಓನರ್. ಮೊದಲನೆಯವರು ಬೆಂಗಳೂರಿನವರು, ಕೆಎ 03. ಚಿಕ್ಕಪ್ಪ ಮ್ಯಾಟ್ ಎತ್ತಿದರು. ಅತ್ತೆಯ ಮಗ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿದ, ಬಹಳ ಹೊತ್ತು ಈಚೆಗೆ ಬರಲಿಲ್ಲ. ನಾನು ಆರ್‌ಸಿ ಕಾರ್ಡು, ಇನ್ಶೂರೆನ್ಸ್, ಸರ್ವಿಸ್ ಚೀಟಿಗಳ ಕಿಲೋಮೀಟರನ್ನು ಮೀಟರಿನೊಂದಿಗೆ ತಾಳೆ ನೋಡಿದೆ. ಹೊಂದಿತು. ಮಾರುವವರಿಗೆ ಬೇಸರ ಬಂದಿರಬೇಕು, ‘ಮದುವೆಗೆ ಹೆಣ್ಣು ನೋಡೋಕೂ ಇಷ್ಟು ನೋಡಲ್ಲ ಸಾರ್’ ಅಂದರು. ಅಜ್ಜಿಯನ್ನು ಹತ್ತಿಸಿದೆವು. ಓಮ್ನಿಗಿಂತ ಮೆಟ್ಟಿಲು ತುಸು ಎತ್ತರ; ಅಪ್ಪ ಕೆಳಗೆ ಒಂದು ಇಟ್ಟಿಗೆ ಇಟ್ಟರು. ಅಜ್ಜಿ ನಡುವಿನ ಸೀಟಿನಲ್ಲಿ ಕೂತು, ಕಾಲು ಚಾಚಿ, ಬಾಗಿಲನ್ನು ತಾವೇ ಒಮ್ಮೆ ಎಳೆದು ಮುಚ್ಚಿ ಮತ್ತೆ ತೆರೆದರು.

‘ಸದ್ದೇ ಬರ್ತಾ ಇಲ್ವಲ್ಲೋ,’ ಅಂದರು. ‘ರಾತ್ರಿ ಹೊತ್ತು ಲೈನಿನವರಿಗೆ ಗೊತ್ತಾಗೋದು ಹೇಗೆ?’

ಮಾರುವವರು 3 ಲಕ್ಷ 90 ಸಾವಿರ ಹೇಳಿದರು. ಚಿಕ್ಕಪ್ಪ 3 ಲಕ್ಷ 60ಕ್ಕೆ ನಿಂತರು. ಗುರುವಾರ ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಬಂದು ಗುಂಡಿಯ ಮೇಲೆ ನಿಲ್ಲಿಸಿ ನೋಡುವವರೆಗೆ ಮುಂಗಡ ಕೊಡುವುದು ಬೇಡ ಎಂದು ಅತ್ತೆ ಫೋನಿನಲ್ಲೇ ಹೇಳಿದ್ದಾರೆ.